ತಾರಸಿಯ ಮೇಲಿನ ಸಂಗೀತ, ಡಬ್ಬಿಯೊಳಗಿನ ಚರಿತ್ರೆ

1969ರ ಜನವರಿ 30ರ ಮಧ್ಯಾಹ್ನ ಲಂಡನ್ನಿನ ಸ್ಯಾವಿಲ್ ರೋ ಬೀದಿಯ 3ನೇ ನಂಬರಿನ ಕಟ್ಟಡದ ತಾರಸಿಯ ಮೇಲೆ ಬೀಟಲ್ಸ್ ತಂಡ ಯಾವ ಮುನ್ಸೂಚನೆಯನ್ನೂ ಕೊಡದೆ ಹಾಡತೊಡಗಿತು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಅವರ ಜೊತೆಗೆ ಎಲೆಕ್ಟ್ರಿಕ್ ಪಿಯಾನೊ ನುಡಿಸಲು ಬಿಲ್ಲಿ ಪ್ರೆಸ್ಟನ್ ಇದ್ದರು. ಕೊರೆಯುವ ಗಾಳಿಯಲ್ಲಿ, ಸುಮಾರು 42 ನಿಮಿಷಗಳಲ್ಲಿ, ಅದುವರೆಗೆ ಬಿಡುಗಡೆಯಾಗದಿದ್ದ ಐದು ಹಾಡುಗಳನ್ನು ಅವರು ಒಟ್ಟು ಒಂಬತ್ತು ಸಲ ನುಡಿಸಿದರು. ಬೀದಿಯಲ್ಲಿ ಜನ ಸೇರಿದರು, ಗಲಾಟೆಯ ದೂರು ಹೋಯಿತು, ಪೊಲೀಸರು ಮೆಟ್ಟಿಲು ಹತ್ತಿ ಬಂದರು, ಸಂಗೀತ ನಿಂತಿತು. ಆ ನಾಲ್ವರು ಒಟ್ಟಾಗಿ ಜನರೆದುರು ನುಡಿಸಿದ್ದು ಅದೇ ಕೊನೆಯ ಸಲ. ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್ ಹತ್ತು ಕ್ಯಾಮೆರಾಗಳಲ್ಲಿ ಅದನ್ನು ಸೆರೆಹಿಡಿದಿದ್ದರು. ಆದರೂ ಜಗತ್ತು ಆ ಸಂಗೀತವನ್ನು ಚೆನ್ನಾಗಿ ನೋಡಿದ್ದು, ಚೆನ್ನಾಗಿ ಕೇಳಿದ್ದು ಐವತ್ತು ವರ್ಷ ಕಳೆದ ಮೇಲೆ. ಈ ಪವಾಡವನ್ನು ಕಂಪ್ಯೂಟರಿನ ಖಾತೆಗೆ ಬರೆಯುವುದು ಈಗ ರೂಢಿಯಾಗಿದೆ. ಕಂಪ್ಯೂಟರಿನ ಪಾಲು ದೊಡ್ಡದು ನಿಜ. ಆದರೆ ಅದಕ್ಕಿಂತ ದೊಡ್ಡ ಪಾಲು, ಬಳಸದೆ ಬಿಟ್ಟ ಸುರುಳಿಗಳನ್ನೂ ಎಸೆಯದೆ ಇಟ್ಟವರದು. ಹಳೆಯ ಸಂಗೀತ ಚಿತ್ರಗಳ ಪುನರುದ್ಧಾರವನ್ನು ಅಳೆಯಬೇಕಾದ ಮೊದಲ ಅಳತೆಗೋಲು ಇದೇ: ಮೂಲ ಎಷ್ಟು ಉಳಿದಿದೆ, ಮತ್ತು ಪುನರುದ್ಧಾರ ಮಾಡಿದವರು ಆ ಮೂಲಕ್ಕೆ ಎಷ್ಟು ನಿಷ್ಠರಾಗಿದ್ದಾರೆ.

ಇದೇ ಸಂಗೀತದ ತುಣುಕುಗಳನ್ನು ಕೊನೆಯಲ್ಲಿಟ್ಟುಕೊಂಡು 'ಲೆಟ್ ಇಟ್ ಬಿ' ಎಂಬ ಚಿತ್ರ 1970ರ ಮೇ ತಿಂಗಳಲ್ಲಿ ತೆರೆಕಂಡಿತ್ತು. ಅದು ಮಂಕಾಗಿ, ಕಪ್ಪಾಗಿ ಕಾಣುತ್ತಿತ್ತು ಎನ್ನುವುದು ನೋಡಿದವರೆಲ್ಲರ ನೆನಪು. ಅದಕ್ಕೆ ಕಾರಣವಿದೆ. ಚಿತ್ರೀಕರಣ ನಡೆದದ್ದು 16 ಎಂಎಂ ಫಿಲ್ಮಿನಲ್ಲಿ. ಅದರ ಒಂದೊಂದು ಚೌಕಟ್ಟಿನ ಅಗಲ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಚಿತ್ರಮಂದಿರಕ್ಕಾಗಿ ಅದನ್ನು 35 ಎಂಎಂಗೆ ಹಿಗ್ಗಿಸಿದಾಗ ಫಿಲ್ಮಿನ ಕಣಗಳೂ ಹಿಗ್ಗಿದವು. ಇನ್ನು ನೆಗೆಟಿವಿನಿಂದ ಒಂದು ಪ್ರತಿ, ಆ ಪ್ರತಿಯಿಂದ ಮತ್ತೊಂದು ಪ್ರತಿ ಎಂದು ತೆಗೆಯುತ್ತ ಹೋದಂತೆ ಪ್ರತಿ ಹಂತದಲ್ಲೂ ಸೂಕ್ಷ್ಮ ವಿವರಗಳು ಕರಗುತ್ತವೆ. 1980ರ ದಶಕದಲ್ಲಿ ವಿಡಿಯೊ ಕ್ಯಾಸೆಟ್ಟಿಗೆ ಇಳಿದಾಗ ಚಿತ್ರ ಇನ್ನಷ್ಟು ಸೊರಗಿತು. ಜನ ನೋಡಿದ್ದು ಕ್ಯಾಮೆರಾ ಹಿಡಿದ ಚಿತ್ರವನ್ನಲ್ಲ, ಪ್ರತಿಯ ಪ್ರತಿಯನ್ನು. ಪುನರುದ್ಧಾರದ ಕೆಲಸ ಈ ಮೆಟ್ಟಿಲುಗಳನ್ನೆಲ್ಲ ಇಳಿದು ಕ್ಯಾಮೆರಾದೊಳಗೆ ಓಡಿದ್ದ ಮೂಲ ಫಿಲ್ಮಿಗೇ ವಾಪಸು ಹೋಗುವುದರಿಂದ ಶುರುವಾಗುತ್ತದೆ. ಆ ಫಿಲ್ಮನ್ನು ಶುಚಿಗೊಳಿಸಿ, ಸೆಕೆಂಡಿಗೆ 24ರಂತೆ ಇರುವ ಚೌಕಟ್ಟುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುತ್ತಾರೆ. ಗೀರು, ಧೂಳು, ನಡುಕಗಳನ್ನು ತೆಗೆಯುತ್ತಾರೆ. ಮಾಸಿದ ಬಣ್ಣಗಳನ್ನು ಸಮತೂಕಕ್ಕೆ ತರುತ್ತಾರೆ. ಒಂದೇ ಫಿಲ್ಮಿನಿಂದ 1980ರ ಯಂತ್ರ ಓದಿದ್ದಕ್ಕಿಂತ ಹೆಚ್ಚನ್ನು ಇಂದಿನ ಯಂತ್ರ ಓದಬಲ್ಲದು. ನಾಳಿನ ಯಂತ್ರ ಇನ್ನೂ ಹೆಚ್ಚು ಓದೀತು. ಆದರೆ ಓದಲು ಫಿಲ್ಮು ಇರಬೇಕು.

ಬೀಟಲ್ಸ್ ವಿಷಯದಲ್ಲಿ ಅದು ಅಪಾರವಾಗಿ ಇತ್ತು. ಆ ಜನವರಿಯ ಚಿತ್ರೀಕರಣದಿಂದ 80 ನಿಮಿಷಗಳಷ್ಟು ಮಾತ್ರ ತೆರೆಗೆ ಬಂದಿತ್ತು. ಡಬ್ಬಿಗಳಲ್ಲಿ ಉಳಿದದ್ದು ಸುಮಾರು 60 ಗಂಟೆಗಳ ಚಿತ್ರ, 150 ಗಂಟೆಗಳಿಗೂ ಮಿಕ್ಕಿದ ಧ್ವನಿ. ನಾಗ್ರಾ ರೆಕಾರ್ಡರುಗಳಲ್ಲಿ ದಾಖಲಾದ ಆ ಧ್ವನಿಸುರುಳಿಗಳು ನಡುವೆ ಕಳುವಾಗಿ, 2003ರಲ್ಲಿ ಪೊಲೀಸರು ನಡೆಸಿದ ದಾಳಿಯಲ್ಲಿ ಸುಮಾರು 500 ಸುರುಳಿಗಳು ಮರಳಿ ಸಿಕ್ಕವು. ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್ ಈ ರಾಶಿಯನ್ನು ಹಿಡಿದು ಕುಳಿತು, 2021ರ ನವೆಂಬರಿನಲ್ಲಿ ಸುಮಾರು ಎಂಟು ಗಂಟೆಗಳ 'ಗೆಟ್ ಬ್ಯಾಕ್' ಸರಣಿಯನ್ನು ಹೊರತಂದರು. ತಾರಸಿಯ ಸಂಗೀತ ಅದರಲ್ಲಿ ಪೂರ್ತಿಯಾಗಿ ಬಂತು, ಮರುವರ್ಷದ ಜನವರಿ 30ರಂದು ಐಮ್ಯಾಕ್ಸ್ ಪರದೆಯ ಮೇಲೂ ಬಂತು. ಇದರಿಂದ ದೊರೆತದ್ದು ಬರೀ ಕಣ್ಣಿಗೆ ಹಬ್ಬವಲ್ಲ. ಹಳೆಯ ಚಿತ್ರ ತೆರೆಕಂಡದ್ದು ತಂಡ ಒಡೆದ ಸುದ್ದಿ ಹೊರಬಿದ್ದ ಮರುತಿಂಗಳು. ಹಾಗಾಗಿ ಅದನ್ನು ಜನ ಒಂದು ಮನೆ ಮುರಿದ ಕಥೆಯಾಗಿಯೇ ನೋಡಿದರು, ಅರ್ಧ ಶತಮಾನ ಹಾಗೆಯೇ ನಂಬಿದರು. ಉಳಿದ ಸುರುಳಿಗಳು ಬೇರೆಯದನ್ನು ತೋರಿಸಿದವು. ಲೆನನ್ ಬರುವುದನ್ನು ಕಾಯುತ್ತ ಮೆಕಾರ್ಟ್ನಿ ಸುಮ್ಮನೆ ಬಾಸ್ ಗಿಟಾರನ್ನು ಮೀಟುತ್ತಿದ್ದಂತೆ ಒಂದು ಹೊಸ ಹಾಡು ಆಕಾರ ಪಡೆಯುವುದು, ಅದಕ್ಕೆ ಉಳಿದವರು ಒಬ್ಬೊಬ್ಬರಾಗಿ ಕೈ ಸೇರಿಸುವುದು, ನಗು, ಬೇಸರ, ಮತ್ತೆ ಕೆಲಸ. ಜೊತೆಗೆ, ಹಳೆಯ ಚಿತ್ರ ತೋರಿಸದೇ ಬಿಟ್ಟಿದ್ದ ಜಗಳದ ಪಾಲೂ ಹೊರಬಂತು. ಜನವರಿ 10ರಂದು ಹ್ಯಾರಿಸನ್ ತಂಡ ಬಿಟ್ಟು ಹೊರನಡೆದದ್ದು 1970ರ ಚಿತ್ರದಲ್ಲಿ ಇರಲಿಲ್ಲ, 2021ರದರಲ್ಲಿದೆ. ಅಂದರೆ ಹೊಸ ಚಿತ್ರ ಹಳೆಯದಕ್ಕಿಂತ ಹೆಚ್ಚು ಸಂತೋಷವನ್ನೂ ಹೆಚ್ಚು ನೋವನ್ನೂ ಒಟ್ಟಿಗೆ ತಂದಿತು. ಚರಿತ್ರೆಯನ್ನು ತಿದ್ದಿದ್ದು ಹೊಸ ಅಭಿಪ್ರಾಯವಲ್ಲ, ಹಳೆಯ ಸಾಕ್ಷ್ಯ.

ಇದಕ್ಕೆ ಎದುರಾಗಿ ಪಿಂಕ್ ಫ್ಲಾಯ್ಡ್ ತಂಡದ ಪಾಂಪೇ ಚಿತ್ರವನ್ನು ಇಟ್ಟು ನೋಡಬೇಕು. 1971ರ ಅಕ್ಟೋಬರಿನಲ್ಲಿ ನಿರ್ದೇಶಕ ಏಡ್ರಿಯನ್ ಮೇಬನ್ ಇಟಲಿಯ ಪಾಂಪೇ ನಗರದ ಪುರಾತನ ರೋಮನ್ ಬಯಲು ರಂಗದಲ್ಲಿ ಆ ತಂಡವನ್ನು ಒಬ್ಬ ಪ್ರೇಕ್ಷಕನೂ ಇಲ್ಲದೆ ನುಡಿಸಲು ಹಚ್ಚಿ ಚಿತ್ರೀಕರಿಸಿದರು. ಚಿತ್ರೀಕರಣ 35 ಎಂಎಂನಲ್ಲೇ ನಡೆದಿತ್ತು. ಹಾಗಾಗಿ 2025ರ ಏಪ್ರಿಲ್‌ನಲ್ಲಿ ಮೂಲ ನೆಗೆಟಿವಿನಿಂದ 4ಕೆ ಗುಣಮಟ್ಟದಲ್ಲಿ ಪುನರುದ್ಧಾರಗೊಂಡು, ಸ್ಟೀವನ್ ವಿಲ್ಸನ್ ಹೊಸದಾಗಿ ಹದಗೊಳಿಸಿದ ಧ್ವನಿಯೊಂದಿಗೆ ಚಿತ್ರಮಂದಿರಕ್ಕೆ ಮರಳಿದಾಗ, ಕಲ್ಲಿನ ಮೇಲಿನ ಧೂಳು, ತಾಳವಾದ್ಯದ ಬಿಲ್ಲೆಯ ಹೊಳಪು ಎಲ್ಲವೂ ಸ್ಪಷ್ಟವಾಗಿದ್ದವು. ತಾಂತ್ರಿಕವಾಗಿ ಇದು ಬೀಟಲ್ಸ್ ಚಿತ್ರಕ್ಕಿಂತ ಉತ್ತಮ ಮೂಲ. ಆದರೆ ಇಲ್ಲಿ 'ಗೆಟ್ ಬ್ಯಾಕ್' ಮಾದರಿಯ ಹೊಸ ಚರಿತ್ರೆ ಹುಟ್ಟಲು ಸಾಧ್ಯವೇ ಇಲ್ಲ. ಏಕೆಂದರೆ ಬಳಸದೆ ಉಳಿದಿದ್ದ ನೂರಾರು ಡಬ್ಬಿ ನೆಗೆಟಿವನ್ನು ಬೆಲೆಯಿಲ್ಲದ್ದೆಂದು ಸುಟ್ಟುಹಾಕಲಾಯಿತು ಎಂದು ಮೇಬನ್ ಅವರೇ ಹೇಳಿದ್ದಾರೆ. ಸಂಕಲಿತ ಚಿತ್ರ ಉಳಿದಿದೆ, ಅದನ್ನು ತೊಳೆದು ಬೆಳಗಬಹುದು. ಅದರಾಚೆ ಆ ದಿನಗಳಲ್ಲಿ ಏನು ನಡೆಯಿತು ಎಂದು ಕೇಳಿದರೆ ಯಾವ ಯಂತ್ರವೂ ಉತ್ತರಿಸಲಾರದು. ಎರಡೂ ತಂಡಗಳಿಗೆ ಹಣದ, ಖ್ಯಾತಿಯ, ತಂತ್ರಜ್ಞರ ಕೊರತೆ ಇರಲಿಲ್ಲ. ಫಲಿತಾಂಶ ಬೇರೆಯಾದದ್ದು ಗೋದಾಮಿನಲ್ಲಿ ಯಾರೋ ಕೈಗೊಂಡ ಒಂದು ನಿರ್ಧಾರದಿಂದ.

ಈ ಕೆಲಸದ ಬಗ್ಗೆ ಗಂಭೀರ ಆಕ್ಷೇಪಗಳಿವೆ. ಮೊದಲನೆಯದು, ಹೊಳಪು ಕೊಡುವ ಭರದಲ್ಲಿ ಹಳೆಯ ಚಿತ್ರದ ಜೀವವನ್ನೇ ಒರೆಸಿಹಾಕುತ್ತಾರೆ ಎಂಬುದು. ಇದರಲ್ಲಿ ಹುರುಳಿದೆ. ಫಿಲ್ಮಿನ ಚಿತ್ರ ಮೂಡುವುದೇ ಕಣಗಳಿಂದ. ಕಣಗಳನ್ನು ಕೊಳೆಯೆಂದು ಬಗೆದು ಡಿಜಿಟಲ್ ಆಗಿ ಅಳಿಸಿದರೆ ಅವುಗಳ ಜೊತೆಗೆ ಚರ್ಮದ ಸುಕ್ಕು, ಬಟ್ಟೆಯ ನೇಯ್ಗೆ ಕೂಡ ಅಳಿಸಿಹೋಗಿ ಮುಖಗಳು ಮೇಣದ ಗೊಂಬೆಗಳಂತೆ ಕಾಣುತ್ತವೆ. 'ಗೆಟ್ ಬ್ಯಾಕ್' ಸರಣಿಯ ಕೆಲವು ದೃಶ್ಯಗಳ ಮೇಲೆ ಈ ದೂರು ಬಂದದ್ದು ನ್ಯಾಯವಾಗಿಯೇ ಇದೆ. ಪಾಂಪೇ ಚಿತ್ರಕ್ಕೂ ಹಿಂದೆ ಇಂಥದೇ ಗತಿ ಬಂದಿತ್ತು. 2003ರ ಆವೃತ್ತಿಯಲ್ಲಿ ಕಂಪ್ಯೂಟರಿನಲ್ಲಿ ರಚಿಸಿದ ಅಂತರಿಕ್ಷದ ದೃಶ್ಯಗಳನ್ನು ನಡುನಡುವೆ ಸೇರಿಸಿದ್ದರು. 1971ರ ಕಲ್ಲು ಇಂದಿಗೂ ಹೊಸದಾಗಿದೆ, 2003ರ ಆ ಅಲಂಕಾರ ಮಾತ್ರ ಹಳತಾಗಿದೆ. ಆದರೆ ಈ ಆಕ್ಷೇಪ ಕೆಟ್ಟ ಪುನರುದ್ಧಾರದ ವಿರುದ್ಧವೇ ಹೊರತು ಪುನರುದ್ಧಾರದ ವಿರುದ್ಧವಲ್ಲ. ಕ್ಯಾಮೆರಾ ಹಿಡಿದವನು ಮಾಡಿದ್ದು ಯಾವುದು, ಕಾಲವೂ ಪ್ರತಿ ತೆಗೆಯುವ ಯಂತ್ರವೂ ಮೇಲೆ ಹೇರಿದ್ದು ಯಾವುದು ಎಂದು ವಿಂಗಡಿಸುವ ವಿವೇಕ ಬೇಕು. ಗೀರು ಹೋಗಬೇಕು, ಕಣ ಉಳಿಯಬೇಕು. ಲಿಂಡ್ಸೆ-ಹಾಗ್ ಅವರ ಹಳೆಯ 'ಲೆಟ್ ಇಟ್ ಬಿ' ಚಿತ್ರವೇ 2024ರ ಮೇ ತಿಂಗಳಲ್ಲಿ ಪುನರುದ್ಧಾರಗೊಂಡು ಬಂದಾಗ ಅದು ಫಿಲ್ಮಿನ ಗುಣವನ್ನು ಹೆಚ್ಚು ಉಳಿಸಿಕೊಂಡಿತ್ತು. ಮೂಲ ಇದ್ದುದರಿಂದಲೇ ಎರಡನೆಯ ಓದು ಮೊದಲನೆಯದನ್ನು ತಿದ್ದಲು ಸಾಧ್ಯವಾಯಿತು.

ಎರಡನೆಯ ಆಕ್ಷೇಪ ಧ್ವನಿಯದು, ಅದು ಇನ್ನೂ ಆಳವಾದದ್ದು. ಬೀಟಲ್ಸ್ ತಂಡದ ಅಭ್ಯಾಸದ ಕೋಣೆಯಲ್ಲಿ ನಡೆದ ಮಾತು, ಗಿಟಾರ್, ಡ್ರಮ್ ಎಲ್ಲವೂ ಒಂದೇ ಪಥದ ಟೇಪಿನಲ್ಲಿ ಕಲಸಿಹೋಗಿದ್ದವು. ಖಾಸಗಿ ಮಾತು ದಾಖಲಾಗದಿರಲೆಂದು ತಂಡದವರು ಕೆಲವೊಮ್ಮೆ ಬೇಕೆಂದೇ ಗಿಟಾರನ್ನು ಜೋರಾಗಿ ಬಾರಿಸುತ್ತಿದ್ದರು ಎಂದು ಜಾಕ್ಸನ್ ಹೇಳಿದ್ದಾರೆ. ಅವರ ತಂಡ ಸಿದ್ಧಪಡಿಸಿದ, 'ಮ್ಯಾಲ್' ಎಂದು ಕರೆಯುವ ತಂತ್ರಾಂಶಕ್ಕೆ ಗಿಟಾರಿನ ದನಿ ಯಾವುದು, ಮನುಷ್ಯರ ದನಿ ಯಾವುದು ಎಂದು ಗುರುತಿಸುವುದನ್ನು ಕಲಿಸಲಾಯಿತು. ಕಲಸಿದ್ದನ್ನು ಅದು ಬಿಡಿಬಿಡಿಯಾಗಿ ಬೇರ್ಪಡಿಸಿತು. ಕೃತಕ ಬುದ್ಧಿಮತ್ತೆ ಬೇರ್ಪಡಿಸಿದ ದನಿ ನಿಜವಾದ ದನಿಯೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದ್ದದ್ದನ್ನು ಹೊರತೆಗೆಯುವುದು ಬೇರೆ, ಇಲ್ಲದ್ದನ್ನು ಹುಟ್ಟಿಸುವುದು ಬೇರೆ. ಟೇಪಿನಲ್ಲಿ ದಾಖಲಾದ ಲೆನನ್ ದನಿಯನ್ನು ಪಿಯಾನೊದ ಸದ್ದಿನಿಂದ ಬಿಡಿಸಿಕೊಂಡು 2023ರಲ್ಲಿ 'ನೌ ಆ್ಯಂಡ್ ದೆನ್' ಹಾಡನ್ನು ಪೂರ್ಣಗೊಳಿಸಿದ್ದು ಮೊದಲನೆಯ ಬಗೆ. ಆತ ಎಂದೂ ಹಾಡದ ಸಾಲನ್ನು ಆತನ ದನಿಯಲ್ಲಿ ಹಾಡಿಸಿದ್ದರೆ ಅದು ಎರಡನೆಯ ಬಗೆ, ಅದು ವಂಚನೆ. ಆದರೂ ಈ ಎರಡರ ನಡುವಿನ ಗೆರೆ ಎಲ್ಲ ಕಡೆಯೂ ಗಟ್ಟಿಯಾಗಿಲ್ಲ ಎಂದು ಒಪ್ಪಲೇಬೇಕು. ಬೇರ್ಪಡಿಸುವ ಯಂತ್ರ ಮಾಡುವುದೂ ಒಂದು ಅಂದಾಜನ್ನೇ. ಇದಕ್ಕೆ ಕನ್ನಡದ ಗ್ರಂಥಸಂಪಾದಕರು ಕಂಡುಕೊಂಡ ದಾರಿಗಿಂತ ಒಳ್ಳೆಯ ದಾರಿ ಇಲ್ಲ. ಓಲೆಗರಿಯ ಪ್ರತಿಯಲ್ಲಿ ಅಕ್ಷರ ಹುಳು ತಿಂದು ಹೋಗಿದ್ದರೆ ಸಂಪಾದಕ ತನ್ನ ಊಹೆಯ ಪಾಠವನ್ನು ಕೊಡಬಹುದು. ಆದರೆ ಅದು ಊಹೆಯೆಂದು ಗುರುತು ಹಾಕುತ್ತಾನೆ, ಬೇರೆ ಪ್ರತಿಗಳ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ, ಓಲೆಗರಿಯನ್ನು ಮಾತ್ರ ಮುಟ್ಟುವುದಿಲ್ಲ. ಸಂಗೀತ ಚಿತ್ರಗಳಿಗೂ ಈ ಶಿಸ್ತು ಬರಬೇಕು. ಎಲ್ಲಿ ಏನು ಬದಲಾಯಿತೆಂದು ಪ್ರಕಟವಾಗಿ ಹೇಳಬೇಕು, ಹಳೆಯ ಆವೃತ್ತಿಯೂ ನೋಡಲು ಸಿಗುವಂತಿರಬೇಕು.

ಮೂರನೆಯ ಆಕ್ಷೇಪ, ಇದೆಲ್ಲ ಹಳೆಯ ನೆನಪುಗಳನ್ನು ಮತ್ತೆ ಮತ್ತೆ ಮಾರುವ ವ್ಯಾಪಾರ ಎಂಬುದು. ವ್ಯಾಪಾರ ಹೌದು. ಆದರೆ ಆ ವ್ಯಾಪಾರದ ಹಣವಿಲ್ಲದೆ 60 ಗಂಟೆಗಳ ಫಿಲ್ಮನ್ನು ಯಾರೂ ಸ್ಕ್ಯಾನ್ ಮಾಡಿಸುತ್ತಿರಲಿಲ್ಲ. ನಿಜವಾದ ದೋಷ ಬೇರೆ ಕಡೆ ಇದೆ. ಮಾರುಕಟ್ಟೆ ಕಾಪಾಡುವುದು ಮಾರಾಟವಾಗುವ ಹೆಸರುಗಳನ್ನು ಮಾತ್ರ, ಅದೂ ಅವು ಮಾರಾಟವಾಗುತ್ತವೆ ಎಂದು ಗೊತ್ತಾದ ಮೇಲೆ. ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ಟೇಪಿನ ಖರ್ಚು ಉಳಿಸಲೆಂದು ತನ್ನ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿತು. ಬೀಟಲ್ಸ್ 1966ರಲ್ಲಿ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮದಲ್ಲಿ ನೇರವಾಗಿ ಕಾಣಿಸಿಕೊಂಡದ್ದೂ ಹಾಗೆಯೇ ಮಾಯವಾಯಿತು. 2019ರಲ್ಲಿ ಅದರ 11 ಸೆಕೆಂಡುಗಳ ಮೂಕ ತುಣುಕು ಪತ್ತೆಯಾದಾಗ ಅದು ದೊಡ್ಡ ಸುದ್ದಿಯಾಯಿತು. ಯಾರೋ ಮನೆಯಲ್ಲಿ ಟಿವಿಯ ಪರದೆಗೇ 8 ಎಂಎಂ ಕ್ಯಾಮೆರಾ ಹಿಡಿದು ತೆಗೆದಿದ್ದ ತುಣುಕು ಅದು. ಜಗತ್ತಿನ ಅತಿ ಪ್ರಸಿದ್ಧ ತಂಡಕ್ಕೇ ಹೀಗಾದರೆ ಉಳಿದವರ ಪಾಡೇನು? ಇಂದು ಯಾವುದು ಬೆಲೆಬಾಳುತ್ತದೆ ಎಂದು ನೋಡಿ ನಾಳೆಗೆ ಬೇಕಾದದ್ದನ್ನು ಆರಿಸಲಾಗದು. ಆದ್ದರಿಂದಲೇ ಸಂರಕ್ಷಣೆಯ ಹೊಣೆಯನ್ನು ಕಂಪನಿಗಳಿಗಷ್ಟೇ ಬಿಡದೆ ಸಾರ್ವಜನಿಕ ಸಂಗ್ರಹಾಲಯಗಳು ಹೊರಬೇಕು.

ಈ ಪಾಠವನ್ನು ಕನ್ನಡ ಚಿತ್ರರಂಗವೂ ಎರಡು ಬಗೆಯಲ್ಲಿ ಕಲಿತಿದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಹಾಗಾಗಿ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಪುನರುದ್ಧಾರಗೊಳಿಸಿದವು, 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದು ತೆರೆಕಂಡಿತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂದದ್ದು. ಆರ್. ನಾಗೇಂದ್ರರಾಯರು, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ಅವರು ಅದರಲ್ಲಿ ಹೇಗೆ ನಟಿಸಿದರು, ಹೇಗೆ ಹಾಡಿದರು ಎಂದು ಇಂದು ನೋಡುವಂತಿಲ್ಲ. ಒಂದು ಪ್ರಿಂಟೂ ಉಳಿದಿಲ್ಲ. ಇಲ್ಲದ್ದನ್ನು ಯಾವ ತಂತ್ರಾಂಶವೂ ಪುನರುದ್ಧರಿಸಲಾರದು.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ, ಸಂಗೀತ ಸಭಾಗಳಲ್ಲಿ, ನಾಟಕ ಸಂಘಗಳಲ್ಲಿ ಹಳೆಯ ಸ್ಪೂಲ್ ಟೇಪು, ಕ್ಯಾಸೆಟ್ಟು, 8 ಮತ್ತು 16 ಎಂಎಂ ಸುರುಳಿಗಳು ಅಟ್ಟದ ಮೇಲೆ ಬಿದ್ದಿವೆ. ಬಿಸಿಲು, ತೇವ ಅವಕ್ಕೆ ಶತ್ರು. ಅಸಿಟೇಟ್ ಫಿಲ್ಮು ಕೆಡತೊಡಗಿದರೆ ಡಬ್ಬಿ ತೆರೆದಾಗ ವಿನೆಗರಿನ ಹುಳಿವಾಸನೆ ಬರುತ್ತದೆ. ಆ ವಾಸನೆ ಬಂದರೆ ತಡಮಾಡದೆ ತಿಳಿದವರಿಗೆ ತೋರಿಸಬೇಕು, ಒಳ್ಳೆಯ ಸುರುಳಿಗಳಿಂದ ಅದನ್ನು ಬೇರೆ ಇಡಬೇಕು. ತಂಪಾದ, ಒಣಗಿದ ಜಾಗದಲ್ಲಿಟ್ಟು, ಯಾರು, ಎಲ್ಲಿ, ಯಾವಾಗ ಎಂದು ಡಬ್ಬಿಯ ಮೇಲೆ ಬರೆಯಿರಿ. ಡಿಜಿಟಲ್ ಮಾಡಿಸಿ. ಮಾಡಿಸಿದ ಮೇಲೆ ಇನ್ನೇನು ಕೆಲಸವೆಂದು ಮೂಲವನ್ನು ಮಾತ್ರ ಎಸೆಯಬೇಡಿ.