ಕರುಣೆಗೊಂದು ಲೆಕ್ಕ: ಮದರಾಸಿನ ಬ್ಲೂ ಕ್ರಾಸ್ ಮತ್ತು ಅದರ ಧುರೀಣರು

ಮದರಾಸಿನ ಕಾರ್ಪೊರೇಷನ್ನಿನವರು ಬೀದಿನಾಯಿಗಳನ್ನು ಹಿಡಿದು ಕೊಲ್ಲುವ ಕಾರ್ಯವನ್ನು 1860ರಲ್ಲಿ ಕೈಗೊಂಡಾಗ ದಿನವೊಂದಕ್ಕೆ ಸರಾಸರಿ ಒಂದು ನಾಯಿಯೂ ಸಾಯುತ್ತಿರಲಿಲ್ಲವೆಂದೂ, 1995ರ ಹೊತ್ತಿಗೆ ಅದೇ ನಗರದಲ್ಲಿ ದಿನವೊಂದಕ್ಕೆ 135ರವರೆಗೆ ನಾಯಿಗಳನ್ನು ಕೊಲ್ಲಬೇಕಾಗಿ ಬಂದಿತ್ತೆಂದೂ ಬ್ಲೂ ಕ್ರಾಸ್ ಆಫ್ ಇಂಡಿಯಾ ಸಂಸ್ಥೆಯ ಡಾ. ಎಸ್. ಚಿನ್ನಿ ಕೃಷ್ಣ ಅವರು ತಮ್ಮ ಬರೆಹಗಳಲ್ಲಿ ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಒಂದೇ ಔಷಧವನ್ನು ಒಂದು ಶತಮಾನಕ್ಕೂ ಮಿಕ್ಕಿ ಎಡೆಬಿಡದೆ ಕುಡಿಸಿದ ಮೇಲೆ ರೋಗವು ನೂರ್ಮಡಿಯಾಗಿ ಬೆಳೆದುದು ಕಂಡರೆ, ಮನೆಯ ಅಜ್ಜಿಯೂ ಆ ಸೀಸೆಯನ್ನು ಹಿತ್ತಲಿಗೆ ಚೆಲ್ಲುತ್ತಿದ್ದಳು. ಸರಕಾರಿ ಕಛೇರಿಗಳಲ್ಲಿ ಅಜ್ಜಿಯರಿರುವುದಿಲ್ಲವಾದುದರಿಂದ ಈ ಸಣ್ಣ ಸತ್ಯವನ್ನು ಅಲ್ಲಿ ಮನಗಾಣಿಸುವುದಕ್ಕೆ ಒಂದು ಕುಟುಂಬವೂ ಅದು ಕಟ್ಟಿದ ಒಂದು ಸಂಸ್ಥೆಯೂ ಮೂರು ದಶಕಗಳನ್ನು ವ್ಯಯಮಾಡಬೇಕಾಯಿತು. ಆ ಸಂಸ್ಥೆಯ ಪರಿಚಯವನ್ನೂ, ಅದನ್ನು ನಡೆಸಿದವರ ಧುರೀಣತ್ವ ಎಂಥದೆಂಬುದನ್ನೂ ಹೇಳುವುದು ಈ ಲೇಖನದ ಉದ್ದೇಶ.

ಬ್ಲೂ ಕ್ರಾಸಿನ ಸ್ಥಾಪಕರಾದ ಕ್ಯಾಪ್ಟನ್ ವಿ. ಸುಂದರಂ ಅವರು ವೃತ್ತಿಯಿಂದ ವೈಮಾನಿಕರು. ನಮಗೂ ಅವರಿಗೂ ಹಳೆಯದೊಂದು ಸಂಬಂಧವುಂಟು. 1948ರಲ್ಲಿ ಅವರು ಪತ್ನಿ ಉಷಾ ಸುಂದರಂ ಅವರೊಡನೆ ಬೆಂಗಳೂರಿಗೆ ಬಂದು ಜಕ್ಕೂರಿನ ಸರಕಾರಿ ವಿಮಾನ ತರಬೇತಿ ಶಾಲೆಯಲ್ಲಿ ಶಿಕ್ಷಕರಾಗಿದ್ದರು. ಮೈಸೂರು ಮಹಾರಾಜರ ವಿಮಾನವನ್ನೂ ನಡೆಸಿದರು. ಮರುವರ್ಷ ಆ ಶಾಲೆಯಿಂದ ಮೊತ್ತಮೊದಲು ತೇರ್ಗಡೆಯಾಗಿ ಹೊರಬಂದವರು ಉಷಾ ಅವರೇ. 1951ರಲ್ಲಿ ಮದರಾಸು ಸರಕಾರವು ಇಂಗ್ಲೆಂಡಿನಲ್ಲಿ ಕೊಂಡ ಡಿ ಹ್ಯಾವಿಲೆಂಡ್ ಡವ್ ಎಂಬ ವಿಮಾನವನ್ನು ದಂಪತಿಗಳಿಬ್ಬರೂ ಕೂಡಿ 27 ಗಂಟೆಗಳಲ್ಲಿ ಬೊಂಬಾಯಿಗೆ ಹಾರಿಸಿಕೊಂಡು ಬಂದುದು ಆ ಕಾಲದ ಒಂದು ಸಾಹಸವೆಂದು ಹೆಸರಾಯಿತು. ಆಕಾಶದಲ್ಲಿ ಇಷ್ಟು ದೂರ ಸಂಚರಿಸಿದವರ ದೃಷ್ಟಿ ಬೀದಿಯ ಮೋರಿಯ ಬದಿಗೆ ಇಳಿದುದು ಹೇಗೆಂಬುದಕ್ಕೆ ಸಂಸ್ಥೆಯವರು ಹೇಳುವ ಕಥೆ ಬಹು ಸರಳವಾದುದು: ಮಳೆ ಹೊಡೆದು ಬೀದಿಗಳೆಲ್ಲ ಜಲಮಯವಾಗಿದ್ದ ಒಂದು ದಿನ ನೀರಿನಲ್ಲಿ ಒದ್ದಾಡುತ್ತಿದ್ದ ಎರಡು ನಾಯಿಮರಿಗಳನ್ನು ಕ್ಯಾಪ್ಟನ್ನರು ಎತ್ತಿಕೊಂಡು ತ್ಯಾಗರಾಯನಗರದ ತಮ್ಮ ಮನೆಗೆ ತಂದರು. ಅದು 1959ರ ಮಾತು. ಎರಡರ ಹಿಂದೆ ಇನ್ನೆರಡು ಬಂದವು. ಹೆಂಡತಿ ಮಕ್ಕಳೆಲ್ಲರೂ ಆರೈಕೆಗೆ ನಿಂತರು. ನೆರೆಯವರು ತಮಗೆ ಬೇಡವಾದುದನ್ನೆಲ್ಲ ತಂದು ಇವರ ಬಾಗಿಲಲ್ಲಿ ಬಿಡುವ ಸಂಪ್ರದಾಯವೂ ಪ್ರಾಯಶಃ ಆಗಲೇ ಹುಟ್ಟಿತು.

ಇಲ್ಲಿಯವರೆಗಿನ ಕಥೆಯಲ್ಲಿ ವಿಶೇಷವೇನೂ ಇಲ್ಲ. ದಯಾಳುಗಳಾದ ಗೃಹಸ್ಥರು ಎಲ್ಲ ಊರುಗಳಲ್ಲಿಯೂ ಇದ್ದಾರೆ, ಅನಾಥ ಪ್ರಾಣಿಗಳನ್ನು ಸಾಕಿ ತಮ್ಮ ಆದಾಯವನ್ನೂ ನೆರೆಹೊರೆಯವರ ಸ್ನೇಹವನ್ನೂ ಕಳೆದುಕೊಂಡವರೂ ಇದ್ದಾರೆ. ವಿಶೇಷವಿರುವುದು ಮುಂದಿನ ಹೆಜ್ಜೆಯಲ್ಲಿ. ಕ್ಯಾಪ್ಟನ್ನರ ಮಗ ಚಿನ್ನಿ ಕೃಷ್ಣ ಅವರು ಎಂಜಿನಿಯರು. ಎಂಜಿನಿಯರುಗಳಿಗೆ ಸಹಜವಾದ ರೀತಿಯಲ್ಲಿ ಅವರು ಎಷ್ಟು ಪ್ರಾಣಿಗಳನ್ನು ಉಳಿಸಿದೆವೆಂದು ಎಣಿಸುವುದನ್ನು ಬಿಟ್ಟು, ಎಷ್ಟು ಹುಟ್ಟುತ್ತಿವೆಯೆಂದು ಎಣಿಸತೊಡಗಿದರು. ಹೆಣ್ಣುನಾಯಿಯ ಗರ್ಭಕಾಲ ಸುಮಾರು 63 ದಿನಗಳು. ವರ್ಷಕ್ಕೆ ಎರಡು ಬಾರಿ ಅದು ಬೆದೆಗೆ ಬರಬಹುದು. ಒಂದೊಂದು ಸೂಲಿನಲ್ಲಿ ನಾಲ್ಕೋ ಆರೋ ಮರಿಗಳು. ಇವುಗಳಲ್ಲಿ ಹೆಚ್ಚಿನವು ಬದುಕಿ ಉಳಿಯುವುದಿಲ್ಲವೆಂಬುದು ನಿಜ. ಉಳಿದಷ್ಟೇ ಒಂದು ಬೀದಿಯನ್ನು ತುಂಬಲು ಸಾಕು. ಇದರ ಮೇಲೆ ನಮ್ಮ ಗೃಹಸ್ಥರ ಕೊಡುಗೆಯೂ ಸೇರುತ್ತದೆ. ಮರಿ ಬೇಕೆಂದು ಬಂದವರು ಬುಟ್ಟಿಯೊಳಗಿಂದ ಗಂಡುಮರಿಗಳನ್ನು ಆರಿಸಿ ಒಯ್ಯುತ್ತಾರೆ. ಉಳಿದ ಹೆಣ್ಣುಮರಿಗಳು ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ರಾತ್ರಿಯ ವೇಳೆ ಮಾರುಕಟ್ಟೆಯ ಹಿಂಭಾಗಕ್ಕೋ ದೇವಸ್ಥಾನದ ಹೊರ ಪ್ರಾಕಾರಕ್ಕೋ ಪ್ರಯಾಣ ಬೆಳೆಸುತ್ತವೆ. ಹೀಗೆ ತಾಯಿಯಾಗಬಲ್ಲವುಗಳನ್ನೇ ಆರಿಸಿ ಆರಿಸಿ ಬೀದಿಗೆ ಬಿಡುವ ಸಮಾಜವು, ಬೀದಿಯಲ್ಲಿ ನಾಯಿಗಳು ಹೆಚ್ಚಿದವೆಂದು ಆಶ್ಚರ್ಯಪಡುವುದಕ್ಕೆ ಯಾವ ಅಧಿಕಾರವನ್ನೂ ಪಡೆದಿಲ್ಲ.

ಆದುದರಿಂದ ಚಿನ್ನಿ ಕೃಷ್ಣ ಅವರು 1964ರಲ್ಲಿ ಮುಂದಿಟ್ಟ ಸಲಹೆ ಇದು: ನಾಯಿಗಳನ್ನು ಕೊಲ್ಲುವ ಬದಲು ಹಿಡಿದು, ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿ, ರೇಬೀಸಿಗೆ ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡತಕ್ಕದ್ದು. ಅಧಿಕಾರಿಗಳಿಗೆ ಇದು ಅಕ್ಷರಾಭ್ಯಾಸದಷ್ಟೇ ಸುಲಭವೆಂದು ತೋರಲಿ ಎಂದು ಅವರು ಈ ಕಾರ್ಯಕ್ರಮಕ್ಕೆ ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್) ಎಂಬ ಹೆಸರನ್ನೇ ಇಟ್ಟರು. ಅಧಿಕಾರಿಗಳಿಗೆ ಹಾಗೇನೂ ತೋರಲಿಲ್ಲ. ಹಿಡಿದ ನಾಯಿಯನ್ನು ಮತ್ತೆ ಅದೇ ಬೀದಿಗೆ ಬಿಡುವುದೆಂದರೆ ಕೇಳಿದವರು ನಗುವಂತಹ ಮಾತಾಗಿತ್ತು. ಅದಕ್ಕೆ ಬ್ಲೂ ಕ್ರಾಸಿನವರು ಕೊಟ್ಟ ಉತ್ತರವು ನಾಯಿಯ ಸ್ವಭಾವವನ್ನು ಬಲ್ಲವರ ಉತ್ತರ. ಬೀದಿನಾಯಿಯೆಂಬುದು ಅಲೆಮಾರಿಯಲ್ಲ, ಅದಕ್ಕೆ ತನ್ನದೆಂಬ ಒಂದು ಎಲ್ಲೆಯುಂಟು, ಆ ಎಲ್ಲೆಯೊಳಗೆ ಕಸದ ತೊಟ್ಟಿಯೋ ಮಾಂಸದಂಗಡಿಯೋ ಅನ್ನ ಹಾಕುವ ಮನೆಯೋ ಉಂಟು. ಆ ನಾಯಿಯನ್ನು ತೆಗೆದರೆ ಅನ್ನವು ಅಲ್ಲಿಯೇ ಉಳಿಯುತ್ತದೆ, ಅನ್ನವಿದ್ದೆಡೆಗೆ ಪಕ್ಕದ ಬೀದಿಯ ನಾಯಿ ಬಂದು ನೆಲೆಸಿ ಮರಿ ಹಾಕುತ್ತದೆ. ಅದೇ ಜಾಗದಲ್ಲಿ ಮರಿಹಾಕಲಾರದ, ಲಸಿಕೆ ಪಡೆದ ನಾಯಿಯೊಂದು ಇದ್ದರೆ ಅದು ಹೊಸಬರನ್ನು ಬರಗೊಡುವುದಿಲ್ಲ. ಕೊಂದು ನಾಯಿಗಳ ಸಂಖ್ಯೆಯನ್ನು ಇಳಿಸಿದುದಕ್ಕೆ ಎಲ್ಲಿಯೂ ಪುರಾವೆಯಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ರೇಬೀಸ್ ತಜ್ಞರ ಸಮಿತಿ ಹೇಳಿದುದು 1992ರಲ್ಲಿ, ಮದರಾಸಿನ ಈ ವಾದ ಹುಟ್ಟಿ ಮೂವತ್ತು ವರ್ಷಗಳಾಗುತ್ತ ಬಂದಾಗ.

ನಡುವಣ ಆ ವರ್ಷಗಳಲ್ಲಿ ನಡೆದುದನ್ನು ಹೇಳುವುದು ಅಷ್ಟು ಹಿತಕರವಲ್ಲ. ಕೊಲ್ಲಲ್ಪಟ್ಟ ನಾಯಿಗಳ ಸಂಖ್ಯೆ ಎಷ್ಟು ಹೆಚ್ಚಿತ್ತೆಂದರೆ, 1970ರ ದಶಕದಲ್ಲಿ ಅವುಗಳ ಚರ್ಮದಿಂದ ಕೊರಳಪಟ್ಟಿ, ಹಣದ ಚೀಲ ಮೊದಲಾದುವನ್ನು ಮಾಡುವ ಬಗೆಯನ್ನು ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾಲಯವು ರೂಪಿಸಿತೆಂದು ಚಿನ್ನಿ ಕೃಷ್ಣ ಅವರು ಬರೆದಿದ್ದಾರೆ. ಕಾನೂನು ಕೂಡ ಅಡ್ಡಿ ಮಾಡುವಂತಿರಲಿಲ್ಲ. ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ ಸರಕಾರವೇ ತಂದ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯು ಎಷ್ಟೋ ಹಿಂಸೆಗಳನ್ನು ನಿಷೇಧಿಸಿತಾದರೂ, ಬೀದಿನಾಯಿಗಳನ್ನು ಪ್ರಾಣಹರಣದ ಕೊಠಡಿಗಳಲ್ಲಿ ಕೊಲ್ಲುವುದನ್ನು ಸ್ಪಷ್ಟವಾಗಿಯೇ ಅಪವಾದವಾಗಿ ಬಿಟ್ಟಿತ್ತು. ಇಂಥ ಸ್ಥಿತಿಯಲ್ಲಿ ಬ್ಲೂ ಕ್ರಾಸಿನವರು ಕಾರ್ಪೊರೇಷನ್ನಿನ ಒಪ್ಪಿಗೆಗಾಗಿ ಕಾಯದೆ, ದಾನಿಗಳ ಹಣದಿಂದ, ತಮ್ಮ ಚಿಕಿತ್ಸಾಲಯದಲ್ಲಿಯೇ ಕೆಲಸವನ್ನು ಮಾಡುತ್ತ, ಹೊಸ ಹೊಸ ಕಮಿಷನರುಗಳ ಮುಂದೆ ಅದೇ ಹಳೆಯ ಅಂಕಿಗಳನ್ನು ಇಡುತ್ತ ಬಂದರು. ಕೊನೆಗೆ 1995ರಲ್ಲಿ ನಗರದ ದಕ್ಷಿಣ ಭಾಗದಲ್ಲಿ ಪರೀಕ್ಷಾರ್ಥವಾಗಿ ಕೊಲ್ಲುವುದನ್ನು ನಿಲ್ಲಿಸಿ ಈ ವಿಧಾನವನ್ನು ಅನುಸರಿಸಲು ಕಾರ್ಪೊರೇಷನ್ನು ಸಮ್ಮತಿಸಿತು. ಮರುವರ್ಷ ಇಡೀ ನಗರಕ್ಕೆ ಅದು ವಿಸ್ತರಿಸಿತು. 2001ರಲ್ಲಿ ಕೇಂದ್ರ ಸರಕಾರವು ಇದನ್ನೇ ದೇಶಕ್ಕೆಲ್ಲ ನಿಯಮವಾಗಿ ಮಾಡಿತು. ಈಗ ಜಾರಿಯಲ್ಲಿರುವುದು 2023ರ ಪರಿಷ್ಕೃತ ನಿಯಮಗಳು.

ಕೆಲಸದ ಕ್ರಮವನ್ನು ಓದುಗರು ತಿಳಿಯುವುದೊಳ್ಳೆಯದು, ಏಕೆಂದರೆ ಇದರಲ್ಲಿ ಕಣ್ಣಿಗೆ ಕಾಣುವ ವೈಭವ ಯಾವುದೂ ಇಲ್ಲ. ಬೆಳಗಿನ ಜಾವದಲ್ಲಿ ವ್ಯಾನು ಹೊರಡುತ್ತದೆ. ಬಲೆ ಹಿಡಿದ ಆಳುಗಳು ಬೀದಿಯ ಹೆಸರನ್ನೂ ನಾಯಿಯ ಗುರುತನ್ನೂ ಬರೆದುಕೊಂಡು ಹಿಡಿಯುತ್ತಾರೆ. ಆರು ತಿಂಗಳು ತುಂಬದ ಮರಿಗಳನ್ನು ಹಿಡಿಯುವಂತಿಲ್ಲ. ಹೆಣ್ಣಿಗೆ ಅಂಡಾಶಯವನ್ನೂ ಗರ್ಭಕೋಶವನ್ನೂ ತೆಗೆಯುವ ಶಸ್ತ್ರಕ್ರಿಯೆ, ಗಂಡಿಗೆ ವೃಷಣಗಳನ್ನು ತೆಗೆಯುವುದು, ರೇಬೀಸ್ ಲಸಿಕೆ. ಅರಿವು ತಪ್ಪಿರುವಾಗಲೇ ಕಿವಿಯ ತುದಿಯಲ್ಲಿ ಒಂದು ಚಿಕ್ಕ ಕಚ್ಚು. ಗಾಯ ಮಾಗುವವರೆಗೆ ಕೆಲವು ದಿನ ಗೂಡಿನಲ್ಲಿಟ್ಟು, ಬರೆದುಕೊಂಡ ಬೀದಿಯಲ್ಲಿಯೇ ಬಿಟ್ಟುಬರಬೇಕು. ತೆಗೆದ ಅವಯವಗಳನ್ನು ರಸಾಯನದಲ್ಲಿ ಕಾಪಾಡಿಟ್ಟು, ಮೇಲ್ವಿಚಾರಣೆಯ ಸಮಿತಿಯವರು ಅವನ್ನು ಎಣಿಸಿದ ಮೇಲೆಯೇ ಹಣ ಪಾವತಿಯಾಗುವ ಪದ್ಧತಿಯೂ ಉಂಟು. ಜುಗುಪ್ಸೆಯೆನಿಸಬಹುದು. ಆದರೆ ತಲೆಗಿಷ್ಟೆಂದು ಹಣ ಕೊಡುವ ಕೆಲಸದಲ್ಲಿ ಸುಳ್ಳುಲೆಕ್ಕಕ್ಕೆ ಇರುವ ಅವಕಾಶವನ್ನು ನೆನೆದರೆ ಆ ಸೀಸೆಗಳೇ ಅತ್ಯಂತ ಪ್ರಾಮಾಣಿಕವಾದ ಕಡತಗಳೆಂದು ತೋರುತ್ತದೆ.

ಇಂಥ ಸಂಸ್ಥೆಯ ನೇತೃತ್ವವೆಂಬುದು ಯಾವ ಬಗೆಯದು? ಗಿಂಡಿಯ ವೇಳಚೇರಿ ರಸ್ತೆಯಲ್ಲಿ ಬ್ಲೂ ಕ್ರಾಸಿನ ಆಸ್ಪತ್ರೆಯೂ ಆಶ್ರಯಧಾಮವೂ ಇವೆ. ಅಲ್ಲಿಗೆ ಹೋದವರ ಮನಸ್ಸನ್ನು ಮೊದಲು ಕಲಕುವುದು ಕಾಲು ಮುರಿದ, ಕಣ್ಣು ಕಾಣದ, ಯಜಮಾನರು ಕೈಬಿಟ್ಟ ಪ್ರಾಣಿಗಳ ಸಮೂಹ. ದಾನವು ಹರಿದುಬರುವುದೂ ಆ ದೃಶ್ಯಕ್ಕಾಗಿಯೇ. ಹುಟ್ಟದೆ ಹೋದ ಮರಿಯ ಚಿತ್ರವನ್ನು ಯಾರಿಗೂ ತೋರಿಸಲಾಗದು, ಅದರ ಹೆಸರಿನಲ್ಲಿ ರಸೀತಿ ಪುಸ್ತಕ ಹಿಡಿದು ಹೊರಡಲಾಗದು. ಆದರೂ ಹಣವನ್ನೂ ವೈದ್ಯರ ವೇಳೆಯನ್ನೂ ಯಾವುದಕ್ಕೆ ಮೊದಲು ಕೊಡಬೇಕೆಂಬ ಪ್ರಶ್ನೆ ಪ್ರತಿ ಬೆಳಗ್ಗೆಯೂ ಬರುತ್ತದೆ, ಮತ್ತು ಅದಕ್ಕೆ ಪ್ರತಿ ಬೆಳಗ್ಗೆಯೂ ಶಸ್ತ್ರಕ್ರಿಯೆಯ ಮೇಜಿನ ಪಕ್ಷವಾಗಿ ಉತ್ತರ ಕೊಡಬಲ್ಲವನೇ ಇಲ್ಲಿ ನಿಜವಾದ ಮುಂದಾಳು. ಆಶ್ರಯಧಾಮ ತುಂಬಿ ತುಳುಕುವುದನ್ನು ಅನೇಕ ಸಂಸ್ಥೆಗಳು ತಮ್ಮ ಸೇವೆಯ ಹಿರಿಮೆಯೆಂದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುತ್ತವೆ. ನನಗಂತೂ ಅದು ಮೂಲಕಾರ್ಯದ ಸೋಲಿನ ಗುರುತೆಂದೇ ಕಾಣುತ್ತದೆ. ಚಿನ್ನಿ ಕೃಷ್ಣ ಅವರು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಉಪಾಧ್ಯಕ್ಷರಾಗಿಯೂ ಕೆಲಸ ಮಾಡಿದರು. ಸಂಸ್ಥೆಯೊಂದು ಎಷ್ಟೇ ದೊಡ್ಡದಾದರೂ ನಗರವೊಂದರ ಎಲ್ಲ ನಾಯಿಗಳನ್ನು ತಾನೇ ಮುಟ್ಟಲಾರದೆಂಬುದನ್ನೂ, ಬಲೆಯೂ ವ್ಯಾನೂ ಬೊಕ್ಕಸವೂ ಇರುವುದು ಕಾರ್ಪೊರೇಷನ್ನಿನ ಕೈಯಲ್ಲೆಂಬುದನ್ನೂ ಅರಿತು, ವಿರೋಧಿಯಾಗಿದ್ದ ಆ ಕಛೇರಿಯನ್ನೇ ಪಾಲುದಾರನನ್ನಾಗಿ ಮಾಡಿಕೊಂಡುದರಲ್ಲಿ ಅವರ ಜಾಣ್ಮೆಯಿದೆ. ಬೈದು ಬಂದವರು ಬಹಳ ಮಂದಿ. ಬೈಯದೆ ಮೂವತ್ತು ವರ್ಷ ಹೋಗಿ ಬಂದವರು ವಿರಳ.

ಫಲವೇನೆಂದು ಕೇಳುವವರಿಗೆ ಅಂಕಿಗಳಿವೆ. ಚೆನ್ನೈಯಲ್ಲಿ 1996ರಲ್ಲಿ 120 ಮಂದಿ ರೇಬೀಸಿನಿಂದ ಸತ್ತಿದ್ದರೆ 2004ರಲ್ಲಿ ಆ ಸಂಖ್ಯೆ 5ಕ್ಕೆ ಇಳಿಯಿತೆಂದು ಬ್ಲೂ ಕ್ರಾಸಿನವರು ಹೇಳುತ್ತಾರೆ. ಮನುಷ್ಯರಿಗೆ ಕೊಡುವ ಲಸಿಕೆ ಸುಧಾರಿಸಿದುದೂ ಇದಕ್ಕೆ ಕಾರಣವಾಗಿರಬೇಕಾದುದರಿಂದ ಇಡೀ ಶ್ರೇಯಸ್ಸನ್ನು ಒಬ್ಬರಿಗೇ ಕೊಡಲು ನಾನು ಹಿಂಜರಿಯುತ್ತೇನೆ. ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಜಯಪುರದ್ದು. ಅಲ್ಲಿ ಹೆಲ್ಪ್ ಇನ್ ಸಫರಿಂಗ್ ಎಂಬ ಸಂಸ್ಥೆಯು 1994ರಿಂದ 2002ರವರೆಗೆ 24,986 ನಾಯಿಗಳಿಗೆ ಚಿಕಿತ್ಸೆಯನ್ನೂ ಲಸಿಕೆಯನ್ನೂ ಕೊಟ್ಟಿತು. ಹೆಣ್ಣುನಾಯಿಗಳಲ್ಲಿ ಶೇಕಡಾ 65ರಷ್ಟು ಚಿಕಿತ್ಸೆಗೊಳಗಾದ ಆ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ಶೇಕಡಾ 28ರಷ್ಟು ಇಳಿಯಿತು, ಮನುಷ್ಯರ ರೇಬೀಸ್ ಸೊನ್ನೆಗೆ ಬಂದಿತು. ಆ ಸಂಸ್ಥೆಯನ್ನು 1980ರಲ್ಲಿ ಸ್ಥಾಪಿಸಿದ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು ಇಳಿವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು, 1996ರಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ 2019ರ ಸಮೀಕ್ಷೆಯಂತೆ 3.10 ಲಕ್ಷದಷ್ಟಿದ್ದ ಬೀದಿನಾಯಿಗಳು 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕೆ ಇಳಿದಿದ್ದುವು. ಇಳಿದುದು ಸ್ವಲ್ಪವೇ; ಆದರೆ ಈ ನಡುವೆ ನಗರವೂ ಅದರ ಕಸವೂ ಬೆಳೆದಿದ್ದುವೆಂಬುದನ್ನು ಮರೆಯಬಾರದು.

ಸಂಶಯಪಡುವವರೆಲ್ಲ ನಿರ್ದಯರೆಂದು ಭಾವಿಸುವುದು ಪ್ರಾಣಿಪ್ರಿಯರಲ್ಲಿ ಸಾಮಾನ್ಯವಾದ ಒಂದು ದೌರ್ಬಲ್ಯ. ನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ತಾಯಿಗೆ ಜಯಪುರದ ಶೇಕಡಾವಾರು ಲೆಕ್ಕ ಸಾಂತ್ವನ ನೀಡದು, ನೀಡಬೇಕೆಂದು ನಿರೀಕ್ಷಿಸುವುದೂ ಸಭ್ಯತೆಯಲ್ಲ. ಒಂದು ಪ್ರದೇಶದ ಹತ್ತರಲ್ಲಿ ಏಳು ನಾಯಿಗಳನ್ನು ಅಲ್ಪಕಾಲದೊಳಗೆ ಮುಗಿಸದೆ, ಇಲ್ಲಿ ಹತ್ತು ಅಲ್ಲಿ ಹತ್ತು ಎಂದು ಹಿಡಿದರೆ ಈ ವಿಧಾನದಿಂದ ಏನೂ ಆಗುವುದಿಲ್ಲ. ನಮ್ಮ ಬಹುಪಾಲು ಊರುಗಳಲ್ಲಿ ಆಗಿರುವುದು ಹೀಗೆಯೇ. ಈ ಅಸಮಾಧಾನವೇ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಮುಟ್ಟಿತು. ಆಗಸ್ಟ್ 11ರಂದು ನ್ಯಾಯಾಲಯವು ದೆಹಲಿ ಪ್ರಾಂತದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿಡಬೇಕೆಂದು ಆಜ್ಞಾಪಿಸಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ತಿದ್ದಿ, ರೇಬೀಸ್ ತಗುಲಿದ ಹಾಗೂ ಆಕ್ರಮಣ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಚಿಕಿತ್ಸೆಯ ನಂತರ ಮೊದಲಿನ ಜಾಗಕ್ಕೇ ಬಿಡಬೇಕೆಂದಿತು. ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮಾತ್ರ ಮರಳಿ ಅಲ್ಲಿಗೆ ಬಿಡಕೂಡದೆಂದು ವಿಧಿಸಿತು. ಲಕ್ಷಗಟ್ಟಲೆ ನಾಯಿಗಳನ್ನು ಆಜೀವ ಸಾಕುವ ಆಶ್ರಯಧಾಮಗಳನ್ನು ಯಾರು, ಯಾವ ಹಣದಿಂದ ಕಟ್ಟುವರೆಂಬ ಪ್ರಶ್ನೆಗೆ, ಅಂಥ ಧಾಮವನ್ನು 1959ರಿಂದ ನಡೆಸಿಕೊಂಡು ಬಂದವರ ಅನುಭವವನ್ನು ಕೇಳಿದರೆ ಉತ್ತರ ದೊರೆಯುತ್ತದೆ: ಧಾಮದಿಂದ ಸಂಖ್ಯೆ ಇಳಿಯುವುದಿಲ್ಲ.

ಓದುಗರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಮನೆಯಲ್ಲಿ ಹೆಣ್ಣುನಾಯಿಯೋ ಬೆಕ್ಕೋ ಇದ್ದರೆ, ಒಂದು ಸೂಲಾಗಲೆಂದು ಕಾಯದೆ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಯನ್ನು ತಪ್ಪಿಸಬೇಡಿರಿ. ನಿಮ್ಮ ಬೀದಿಯ ನಾಯಿಗಳ ಕಿವಿಗಳನ್ನು ಒಮ್ಮೆ ನೋಡಿರಿ. ಕಚ್ಚು ಇದ್ದರೆ ಆ ನಾಯಿಗೆ ಚಿಕಿತ್ಸೆಯಾಗಿದೆ, ಅದನ್ನು ಅಲ್ಲಿಂದ ಓಡಿಸಬೇಡಿರಿ. ಕಚ್ಚು ಇಲ್ಲದುದು ಕಂಡರೆ ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ಬೀದಿಯ ಹೆಸರು ಸಹಿತ ಬರೆದು ತಿಳಿಸಿರಿ, ಅವರು ಬರುವವರೆಗೂ ತಿಳಿಸುತ್ತಲೇ ಇರಿ.