ಊರು ಹೋಯಿತು, ಊರಿನವರು ಉಳಿದರು

ಪ್ರೌಢಶಾಲೆಯಲ್ಲಿ ನಮ್ಮ ಗಣಿತದ ಮೇಷ್ಟ್ರು ಒಂದು ದಿನ ಪಾಠವನ್ನು ಬದಿಗಿಟ್ಟು ಕರಿಹಲಗೆಯ ಮೇಲೆ ಒಂದು ನದಿ, ಎರಡು ನಡುಗಡ್ಡೆ, ಏಳು ಸೇತುವೆಗಳ ಚಿತ್ರ ಬರೆದರು. ಯಾವ ಸೇತುವೆಯನ್ನೂ ಎರಡು ಬಾರಿ ದಾಟದೆ ಏಳನ್ನೂ ದಾಟಬೇಕು ಎಂದರು. ಗಂಟೆ ಹೊಡೆಯುವವರೆಗೂ ಪೆನ್ಸಿಲ್ ಸವೆಸಿದೆವು. ಅದು ಅಸಾಧ್ಯವೆಂದು ಆಯ್ಲರ್ ಎಂಬ ಗಣಿತಜ್ಞ 1735ರಲ್ಲೇ ತೋರಿಸಿಕೊಟ್ಟಿದ್ದಾನೆಂದು ಆಮೇಲೆ ಹೇಳಿ ನಕ್ಕರು. ಊರಿನ ಹೆಸರು ಕೋನಿಗ್ಸ್‌ಬರ್ಗ್. ಮನೆಗೆ ಬಂದು ಅಟ್ಲಾಸ್‌ನಲ್ಲಿ ಜರ್ಮನಿಯ ಪುಟವನ್ನೆಲ್ಲ ತಡಕಾಡಿದೆ, ಸಿಗಲಿಲ್ಲ. ಲೆಕ್ಕಕ್ಕೆಂದೇ ಹುಟ್ಟಿಸಿದ ಊರಿರಬೇಕೆಂದು ಬಹುಕಾಲ ನಂಬಿದ್ದೆ.

ಊರು ಇತ್ತು. ಪೂರ್ವ ಪ್ರಷ್ಯಾದ ರಾಜಧಾನಿ, ಪ್ರೆಗೆಲ್ ನದಿಯ ಬಂದರು. 1701ರಲ್ಲಿ ಪ್ರಷ್ಯಾದ ಮೊದಲ ದೊರೆ ಕಿರೀಟ ಧರಿಸಿದ್ದು ಅಲ್ಲಿಯೇ. 1939ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 3.7 ಲಕ್ಷ. 1944ರ ಆಗಸ್ಟ್‌ನಲ್ಲಿ ಬ್ರಿಟಿಷ್ ಬಾಂಬುಗಳು ಹಳೆಯ ಪಟ್ಟಣವನ್ನು ಸುಟ್ಟವು. ಮರುವರ್ಷದ ಏಪ್ರಿಲ್‌ನಲ್ಲಿ ಸೋವಿಯತ್ ಸೇನೆ ಅದನ್ನು ವಶಪಡಿಸಿಕೊಂಡಿತು. 1946ರಲ್ಲಿ ಹೆಸರು ಕಲಿನಿನ್‌ಗ್ರಾಡ್ ಎಂದಾಯಿತು. ಅಳಿದುಳಿದ ಜರ್ಮನರನ್ನೂ ಮುಂದಿನ ಎರಡು ವರ್ಷಗಳಲ್ಲಿ ಹೊರಗೆ ಕಳುಹಿಸಲಾಯಿತು. ಮನೆ, ಭಾಷೆ, ಬೀದಿಯ ಹೆಸರು, ಜನ ಎಲ್ಲವೂ ಬದಲಾದ ಮೇಲೆ ಆ ಊರಿನ ಮಹನೀಯರು ಯಾರಿಗೆ ಸೇರಿದವರು? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಪಟ್ಟಿ ಸಣ್ಣದಲ್ಲ. ಕಥೆಗಾರ ಹಾಫ್‌ಮನ್, ವಿದ್ಯುನ್ಮಂಡಲದ ನಿಯಮಗಳನ್ನು ಕೊಟ್ಟ ಕಿರ್ಖಾಫ್, ಗಣಿತಜ್ಞ ಹಿಲ್ಬರ್ಟ್ ಎಲ್ಲರೂ ಆ ಮಣ್ಣಿನವರು. ಗಣಿತದಲ್ಲಿ ಅರಿಯಲಾಗದ್ದು ಏನೂ ಇಲ್ಲವೆಂದು ಹಿಲ್ಬರ್ಟ್ ಸಾರಿದ್ದು 1930ರ ಸೆಪ್ಟೆಂಬರ್‌ನಲ್ಲಿ, ತನ್ನೂರಿನಲ್ಲೇ ಮಾಡಿದ ಭಾಷಣದಲ್ಲಿ. ಅದರ ಹಿಂದಿನ ದಿನವಷ್ಟೇ, ಅದೇ ಊರಿನ ಒಂದು ಗೋಷ್ಠಿಯಲ್ಲಿ ಗೋಡೆಲ್ ಎಂಬ ತರುಣ ಗಣಿತದಲ್ಲಿ ಸತ್ಯವಿದ್ದೂ ಸಾಧಿಸಲಾಗದ ಮಾತುಗಳುಂಟೆಂದು ತಣ್ಣಗೆ ಹೇಳಿ ಕುಳಿತಿದ್ದ!

ಆದರೆ ಊರಿನ ಹೆಸರು ಹೇಳಿದೊಡನೆ ನೆನಪಾಗುವವನು ಇಮ್ಯಾನ್ಯುಯೆಲ್ ಕಾಂಟ್. 1724ರಲ್ಲಿ, ಜೀನು ತಯಾರಿಸುವವನ ಮಗನಾಗಿ ಹುಟ್ಟಿದವನು. 1804ರಲ್ಲಿ ಅಲ್ಲಿಯೇ ತೀರಿಕೊಂಡವನು. ಪೂರ್ವ ಪ್ರಷ್ಯಾದ ಆಚೆಗೆ ಕಾಲಿಟ್ಟವನಲ್ಲ. ಹಡಗುಗಳು ಬಂದುಹೋಗುವ ಇಂಥ ಊರಿನಲ್ಲಿದ್ದರೆ ಪ್ರಯಾಣ ಮಾಡದೆಯೂ ಲೋಕಜ್ಞಾನ ಪಡೆಯಬಹುದೆಂಬುದು ಅವನ ಸಮರ್ಥನೆ. (ಪ್ರವಾಸವೆಂದರೆ ಹಿಂಜರಿಯುವ ನನ್ನಂಥವರಿಗೆ ಇದೊಂದು ದೊಡ್ಡ ಆಸರೆ.) 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದಾಗ, ಒಂದು ಸ್ವತಂತ್ರ ರಾಷ್ಟ್ರವನ್ನು ಇನ್ನೊಂದು ಆಸ್ತಿಯಂತೆ ಪಡೆಯಲಾಗದು, ಸ್ಥಾಯಿ ಸೈನ್ಯಗಳು ಕ್ರಮೇಣ ಇಲ್ಲವಾಗಬೇಕು ಎಂದು ವಾದಿಸಿದ. ಅವನ ಊರು ಇಂದು ರಷ್ಯಾದ ಬಾಲ್ಟಿಕ್ ನೌಕಾಪಡೆಯ ಮುಖ್ಯ ಠಾಣೆ.

ಈ ಕಾಂಟ್‌ನನ್ನು ರಷ್ಯಾ ತನ್ನವನೆಂದು ಒಪ್ಪಿತೇ? 2005ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅವನ ಹೆಸರಿಟ್ಟರು. 2018ರಲ್ಲಿ ವಿಮಾನ ನಿಲ್ದಾಣಕ್ಕೆ ಹೆಸರು ಆರಿಸುವ ಮತದಾನ ನಡೆದಾಗ ಮೊದಮೊದಲು ಮುಂದಿದ್ದವನೂ ಅವನೇ. ಆಗ ನೌಕಾಪಡೆಯ ಹಿರಿಯ ಅಧಿಕಾರಿಯೊಬ್ಬರು ನಾವಿಕರನ್ನು ಸಾಲಾಗಿ ನಿಲ್ಲಿಸಿ, ಯಾರಿಗೂ ಅರ್ಥವಾಗದ ಪುಸ್ತಕ ಬರೆದ ಆ ದ್ರೋಹಿಗೆ ಮತ ಹಾಕಬೇಡಿರೆಂದು ಉಪದೇಶಿಸಿದರು. ಪುಸ್ತಕದ ಮಾತು ಅಷ್ಟೇನೂ ಸುಳ್ಳಲ್ಲವೆಂದು ಕಾಂಟ್ ಓದಲು ಹೆಣಗಿದ ಎಲ್ಲರೂ ಒಪ್ಪಿಯಾರು! ಆದರೆ ಅದೇ ದಿನಗಳಲ್ಲಿ ಅವನ ಪ್ರತಿಮೆಗೂ ಸಮಾಧಿಗೂ ಬಣ್ಣ ಎರಚಿದ್ದು ತಮಾಷೆಯ ಸಂಗತಿಯಲ್ಲ. ಗೆದ್ದದ್ದು ಸಾಮ್ರಾಜ್ಞಿ ಎಲಿಜಬೆತ್‌ಳ ಹೆಸರು. 1758ರಲ್ಲಿ ಆಕೆಯ ಸೈನ್ಯ ನಾಲ್ಕು ವರ್ಷ ಆ ಊರನ್ನು ಆಳಲು ಬಂದಾಗ, ಖಾಲಿಯಾದ ಪ್ರಾಧ್ಯಾಪಕ ಹುದ್ದೆ ಕೊಡಿಸಬೇಕೆಂದು ಆಕೆಗೆ ವಿನಯದಿಂದ ಅರ್ಜಿ ಬರೆದವನು ಇದೇ ಕಾಂಟ್. ಹುದ್ದೆ ಸಿಗಲಿಲ್ಲ, ಇನ್ನೂರ ಅರವತ್ತು ವರ್ಷಗಳ ಮೇಲೆ ನಿಲ್ದಾಣವೂ ಆಕೆಯ ಪಾಲಾಯಿತು. 2024ರಲ್ಲಿ, ಕಾಂಟ್‌ನ ಮುನ್ನೂರನೆಯ ಜಯಂತಿಯ ವರ್ಷ, ಉಕ್ರೇನ್ ಯುದ್ಧಕ್ಕೂ ಅವನ ಚಿಂತನೆಗೂ ನೇರ ಸಂಬಂಧವಿದೆಯೆಂದು ಆ ಪ್ರಾಂತದ ರಾಜ್ಯಪಾಲರು ದೂರಿದರು. ಪುಟಿನ್‌ಗೆ ಕಾಂಟ್‌ನ ಹೆಸರೆತ್ತುವ ಹಕ್ಕಿಲ್ಲವೆಂದು ಜರ್ಮನಿಯ ಅಂದಿನ ಚಾನ್ಸಲರ್ ಗುಡುಗಿದರು. ಇಬ್ಬರಿಗೂ ಬೇಕಿದ್ದದ್ದು ಕಾಂಟ್ ಅಲ್ಲ, ಅವನ ಮೇಲಿನ ಹಕ್ಕುಪತ್ರ.

ನನಗೆ ಹೆಚ್ಚು ಆಪ್ತರಾಗಿ ಕಾಣುವವರು ಆ ಊರಿನ ಇಬ್ಬರು ಹೆಂಗಸರು. 1867ರಲ್ಲಿ ಅಲ್ಲಿ ಹುಟ್ಟಿದ ಕಲಾವಿದೆ ಕೇಟೆ ಕೋಲ್‌ವಿಟ್ಸ್, 1914ರಲ್ಲಿ ಮಗ ಪೀಟರ್‌ನನ್ನು ಯುದ್ಧಕ್ಕೆ ಬಲಿ ಕೊಟ್ಟಳು. ಮಂಡಿಯೂರಿದ ತಂದೆತಾಯಿಯರ ಶಿಲ್ಪವನ್ನು ಬೆಲ್ಜಿಯಂನ ಸೈನಿಕ ಸ್ಮಶಾನದಲ್ಲಿ ನಿಲ್ಲಿಸಲು ಆಕೆಗೆ 1932ರವರೆಗೆ ಹಿಡಿಯಿತು. ಇನ್ನೊಬ್ಬಳು ಹನ್ನಾ ಅರೆಂಟ್. ಹುಟ್ಟಿದ್ದು ಬೇರೆಡೆ, ಬೆಳೆದದ್ದು ಕೋನಿಗ್ಸ್‌ಬರ್ಗ್‌ನಲ್ಲಿ. ಹದಿನಾಲ್ಕರ ಹರೆಯದಲ್ಲೇ ಕಾಂಟ್‌ನನ್ನು ಓದಿದವಳು. ಯಹೂದಿಯಾದ್ದರಿಂದ 1933ರಲ್ಲಿ ಜರ್ಮನಿ ಬಿಟ್ಟು ಓಡಬೇಕಾಯಿತು. 1951ರವರೆಗೆ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ.

1961ರಲ್ಲಿ ಜೆರುಸಲೇಂನ ನ್ಯಾಯಾಲಯದಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಯ ಆರೋಪಿ ಐಕ್‌ಮನ್, ತಾನು ಜೀವನವಿಡೀ ಕಾಂಟ್ ಹೇಳಿದ ಕರ್ತವ್ಯದಂತೆಯೇ ನಡೆದವನೆಂದು ಹೇಳಿಕೊಂಡ. ಆ ವಿಚಾರಣೆಯ ವರದಿಗೆಂದು ಹೋಗಿದ್ದ ಅರೆಂಟ್ ಕೆರಳಿದಳು. ಕಾಂಟ್‌ನ ನೀತಿ ನಿಂತಿರುವುದೇ ಮನುಷ್ಯನ ವಿವೇಚನಾಶಕ್ತಿಯ ಮೇಲೆ, ಅಲ್ಲಿ ಕುರುಡು ವಿಧೇಯತೆಗೆ ಎಡೆಯೇ ಇಲ್ಲ ಎಂದು ಬರೆದಳು. ಊರು ಭೂಪಟದಿಂದ ಅಳಿಸಿಹೋಗಿ ಹದಿನೈದು ವರ್ಷಗಳಾಗಿದ್ದವು. ಆ ಊರಿನವನ ಪರವಾಗಿ ಎದ್ದು ನಿಂತವಳು ಆ ಊರಿನ ಹುಡುಗಿಯೇ. ವಾರಸುದಾರಿಕೆಗೆ ಇದಕ್ಕಿಂತ ಬೇರೆ ದಾಖಲೆ ಬೇಕೆ ಎಂದು ಎಷ್ಟೋ ಸಲ ಅನ್ನಿಸಿದೆ. 1975ರಲ್ಲಿ ಆಕೆ ತೀರಿಕೊಂಡಾಗ ಬೆರಳಚ್ಚು ಯಂತ್ರದಲ್ಲಿ ಒಂದು ಹಾಳೆ ಸಿಕ್ಕಿಕೊಂಡಿತ್ತು. ಅದು ಕಾಂಟ್‌ನನ್ನೇ ಆಧರಿಸಿ ಬರೆಯಬೇಕೆಂದಿದ್ದ, ವಿವೇಚನೆಯನ್ನು ಕುರಿತ ಗ್ರಂಥಭಾಗದ ಮೊದಲ ಪುಟ.

ಮೇಷ್ಟ್ರ ಸೇತುವೆಗಳ ಗತಿಯನ್ನೂ ಹೇಳಬೇಕು. ಏಳರಲ್ಲಿ ಎರಡನ್ನು ಯುದ್ಧ ನುಂಗಿತು. ಇನ್ನೆರಡರ ಜಾಗದಲ್ಲಿ ಹೆದ್ದಾರಿ ಬಂತು. ಈಗ ದಾಟಲು ಇರುವ ಹಾದಿಗಳು ಐದು. ಒಂದು ನಡುಗಡ್ಡೆಯಿಂದ ಹೊರಟು ಐದನ್ನೂ ಒಂದೊಂದೇ ಸಲ ದಾಟಿ ಇನ್ನೊಂದು ನಡುಗಡ್ಡೆಯನ್ನು ಸೇರಬಹುದು. ಅಲ್ಲೊಂದರಲ್ಲಿ, ಬೆಂಕಿಯಲ್ಲಿ ಬೆಂದು ಮತ್ತೆ ಎದ್ದ ಚರ್ಚಿನ ಮೂಲೆಯಲ್ಲಿ, ಕಾಂಟ್‌ನ ಸಮಾಧಿಯಿದೆ. ರಷ್ಯನ್ ನವದಂಪತಿಗಳು ಮದುವೆಯ ದಿನ ಅಲ್ಲಿಗೆ ಬಂದು ಹೂವಿಟ್ಟು ಹೋಗುತ್ತಾರಂತೆ. ಅವರಲ್ಲಿ ಎಷ್ಟು ಮಂದಿ ಅವನನ್ನು ಓದಿದ್ದಾರೋ!