ಕೂಲೂಲಾದ ಮುದಿ ಮರಳು

ಬ್ರಿಸ್ಬೇನ್‌ನಿಂದ ಉತ್ತರಕ್ಕೆ ಸುಮಾರು ಮೂರು ತಾಸು ಕಾರಿನಲ್ಲಿ ಹೋದರೆ ರೇನ್‌ಬೋ ಬೀಚ್. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಈ ಪುಟ್ಟ ಊರಿನ ಬೆನ್ನಿಗೇ ಕೂಲೂಲಾದ ಮರಳು ದಿಬ್ಬಗಳು. ಕಡಲ ಮಗ್ಗುಲಿನವು ಹೊಸವು. ಒಳನಾಡಿನತ್ತ ಸರಿದಷ್ಟೂ ಹಳೆಯವು. ಪಶ್ಚಿಮದಂಚಿನವಕ್ಕೆ ಲಕ್ಷಾಂತರ ವರ್ಷ ವಯಸ್ಸು.

ಬೈಮಿಯನ್ ಎಂಬಲ್ಲಿ ಇಳಿದು ಪೂನಾ ಕೆರೆಯ ಕಾಲುದಾರಿ ಹಿಡಿದೆವು. ಬರೀ ಮರಳಿನ ಮೇಲೆ ಅಷ್ಟು ದಟ್ಟ ಮಳೆಕಾಡು! ನಮ್ಮ ಘಟ್ಟದ ಕಾಡು ಕಂಡವರಿಗೂ ನಂಬುವುದು ಕಷ್ಟ. ಆದರೆ ಕಾಡಿನ ಬಂಡವಾಳ ಮರಳಿನಲ್ಲಿಲ್ಲ, ಕೊಳೆಯುತ್ತಿರುವ ತರಗೆಲೆಯಲ್ಲಿದೆ. ಆ ಎಲೆಯ ಸಾರ ಇಳಿದೇ ಕೆರೆಯ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ.

ಇನ್ನೂ ಹಳೆಯ ದಿಬ್ಬಗಳತ್ತ ಹೋದರೆ ಕಾಡು ಬೆಳೆಯಬೇಕಲ್ಲವೇ? ಇಲ್ಲ, ಕುಳ್ಳಾಗುತ್ತದೆ. ಕೊನೆಗೆ ಉಳಿಯುವುದು ‘ವಾಲಂ’ ಎಂಬ ಕುರುಚಲು. ದಾರಿಗಾಗಿ ದಿಬ್ಬ ಕಡಿದಲ್ಲಿ ಕಾರಣ ಕಣ್ಣಿಗೇ ಬೀಳುತ್ತದೆ: ಮೇಲೆ ಬೂದು ಬಣ್ಣದ ತೆಳು ಪದರ, ಅದರಡಿ ಅಚ್ಚ ಬಿಳಿ ಮರಳು. ಎಲೆಯಿಂದಿಳಿದ ಆಮ್ಲ ಮರಳಿನ ಕಬ್ಬಿಣ, ಅಲ್ಯೂಮಿನಿಯಂ ತೊಳೆದು ಕೆಳಗೊಯ್ದಿದೆ; ಅವು ಆಳದಲ್ಲಿ ಕಂದು ಬಂಡೆಯಂತೆ ಗಟ್ಟಿಯಾಗಿವೆ. ಅತಿ ಹಳೆಯ ದಿಬ್ಬಗಳಲ್ಲಿ ಬಿಳಿ ಪದರವೊಂದೇ 20 ಮೀಟರ್ ಮೀರಿ ಇಳಿಯುತ್ತದೆ. ರಂಜಕವೂ ಬೇರಿಗೆ ಸಿಗದಷ್ಟು ಕೆಳಗೆ ಹೋಗಿದೆ. ಸಿ.ಎಚ್. ಥಾಂಪ್ಸನ್ ಎಂಬ ಮಣ್ಣುವಿಜ್ಞಾನಿ 1981ರಲ್ಲಿ ಹೊಸದರಿಂದ ಹಳೆಯದರವರೆಗಿನ ಈ ದಿಬ್ಬಗಳ ಸರಣಿಯನ್ನು ಜಗತ್ತಿಗೆ ಪರಿಚಯಿಸಿದರು.

ಬ್ಯಾಂಕ್ಸಿಯಾ ಗಿಡದ ಬುಡದ ತರಗೆಲೆ ತುಸು ಸರಿಸಿದೆ. ಕೂದಲಿಗಿಂತ ತೆಳುವಾದ ಬೇರುಗಳು ಒತ್ತೊತ್ತಾಗಿ ಗುಂಪುಗಟ್ಟಿದ್ದವು, ಮರಳು ಅವಕ್ಕೆ ಅಂಟಿಕೊಂಡಿತ್ತು. ಈ ಗೊಂಚಲು ಬೇರುಗಳು ಆಮ್ಲ ಒಸರಿ, ಅಳಿದುಳಿದ ರಂಜಕವನ್ನು ಬಿಡಿಸಿಕೊಳ್ಳುತ್ತವೆ. ಬಡತನಕ್ಕೆ ಒಗ್ಗಿದ ಬ್ಯಾಂಕ್ಸಿಯಾ ಕುಟುಂಬದ ಅನೇಕ ಗಿಡಗಳಿಗೆ ರಂಜಕದ ಗೊಬ್ಬರ ಕೊಟ್ಟರೆ ಅದೇ ವಿಷ.

ಈ ಮರಳಿನಂತೆ ನಮ್ಮ ಕರಾವಳಿಯ ಜಂಬಿಟ್ಟಿಗೆ ಮಣ್ಣೂ ಹುಳಿಯೇ. ಅಲ್ಲಿ ರಂಜಕವನ್ನು ಕಬ್ಬಿಣ ಹಿಡಿದಿಟ್ಟು ಗಿಡಕ್ಕೆ ಕೊಡದೆ ಸತಾಯಿಸುತ್ತದೆ. ಇಲ್ಲಿ ಹಿಡಿಯುವವರೇ ಇಲ್ಲ, ಹಾಕಿದ್ದು ಮಳೆಗೆ ಹೋಗುತ್ತದೆ. ಆದ್ದರಿಂದ ಇಂಥ ಮರಳಲ್ಲಿ ಬೆಳೆ ತೆಗೆಯುವವರು ಗೊಬ್ಬರವನ್ನು ಕಂತಿನಲ್ಲಿ ಕೊಡಬೇಕು, ಸಾವಯವ ಪದಾರ್ಥ ಕೂಡಿಸುತ್ತಲೇ ಇರಬೇಕು. ಸುಣ್ಣಕ್ಕಂತೂ ಕೈ ಬಿಗಿ ಇರಲಿ: ಸ್ವಲ್ಪಕ್ಕೇ ಹುಳಿ ಇಳಿಯುತ್ತದೆ, ಹೆಚ್ಚಾದರೆ ಸತು, ಮ್ಯಾಂಗನೀಸ್ ಗಿಡಕ್ಕೆ ದಕ್ಕುವುದಿಲ್ಲ. ಕಳೆದ ಶತಮಾನದಲ್ಲಿ ಈ ಸೀಮೆಯ ವಾಲಂ ನೆಲಕ್ಕೆ ಸೂಪರ್ ಫಾಸ್ಫೇಟ್, ತಾಮ್ರ, ಸತು ಸುರಿದು ಹುಲ್ಲುಗಾವಲು ಮಾಡಿದರು, ಪೈನ್ ನೆಟ್ಟರು. ಬೆಳೆಯಿತು, ನಿಜ. ನನಗೆ ಅದು ಸೋರುವ ಕೊಡಕ್ಕೆ ನೀರು ಹೊತ್ತ ಹಾಗೆಯೇ ಕಂಡಿತು.

ಕೂಲೂಲಾ 1975ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗಿನ ಮುಖ್ಯ ಆರೈಕೆಯೆಂದರೆ ಹದವರಿತು ಬೆಂಕಿ ಕೊಡುವುದು, ಕಳೆ ಮತ್ತು ಬೇರುಕೊಳೆ ರೋಗ ಒಳಬರದಂತೆ ಕಾಯುವುದು. ಹೋಗುವವರು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಹೋಗಿ, ವಾಲಂ ಹೂಬಿಡುವ ಕಾಲ ಅದು. ಬೂಟಿನ ಮಣ್ಣು ಕೊಡವಿ, ಕಾಲುದಾರಿ ಬಿಟ್ಟಿಳಿಯಬೇಡಿ.